ನೂರಾ ಇಪ್ಪತ್ತು ಎಡಭಾಗ

ಕಟಿಂಗ್ ಕೋಣೆಯಲ್ಲಿ ಫ್ಯಾನು ಹಾಕಬೇಕೋ ಬೇಡವೋ ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಇದಕ್ಕಿಂತ ಕಡಿಮೆ ಗಾಳಿಗೆ ಸಾಮ್ರಾಜ್ಯಗಳು ಅಲುಗಾಡಿವೆ. ಆ ಸಮವಸ್ತ್ರ ಕಾರ್ಖಾನೆಯಲ್ಲಿ ಈ ಪ್ರಶ್ನೆ ಮೂವತ್ತೊಂದು ವರ್ಷಗಳ ಹಿಂದೆಯೇ ಇತ್ಯರ್ಥವಾಗಿತ್ತು: ಕಟಿಂಗ್ ಮಾಸ್ಟರು ಮೇಜಿನ ಮೇಲೆ ಬಟ್ಟೆ ಹಾಸುವಾಗ ಫ್ಯಾನು ತಿರುಗಕೂಡದು. ಗಾಳಿಗೆ ಅಂಚು ಏಳುತ್ತದೆ, ಅಂಚು ಎದ್ದರೆ ಪದರ ಸರಿಯುತ್ತದೆ, ಪದರ ಸರಿದರೆ ಊರಿಗೆಲ್ಲ ಗಿಡ್ಡ ತೋಳಿನ ಅಂಗಿ. ಇದು ಮಾಸ್ಟರ ವಾದ. ಅದೇ ಕೋಣೆಯ ಇನ್ನೊಂದು ತುದಿಯಲ್ಲಿ, ಹಬೆ ಉಗುಳುವ ಇಸ್ತ್ರಿಪೆಟ್ಟಿಗೆಯ ಮುಂದೆ ದಿನಕ್ಕೆ ಎಂಟು ಗಂಟೆ ಬೇಯುತ್ತಿದ್ದ ಇಸ್ತ್ರಿಯವನ ವಾದ ಬೇರೆ. ಅವನು ಹದಿನಾರು ವರ್ಷಗಳಿಂದ ಮೇಲ್ಮನವಿ ಸಲ್ಲಿಸುತ್ತ ಬಂದಿದ್ದ, ಸೋಲುತ್ತ ಬಂದಿದ್ದ.

ಆದ್ದರಿಂದ ಆ ತಿಂಗಳ ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ, ಮಾಸ್ಟರು ಬಟ್ಟೆಯ ಉರುಳೆಯನ್ನು ಸ್ಟ್ಯಾಂಡಿಗೆ ಏರಿಸಿ, ಕೊರಳಿನ ಟೇಪು ಸರಿಮಾಡಿಕೊಂಡು, "ಆ ಫ್ಯಾನ್ ಹಾಕಪ್ಪ ಸ್ವಲ್ಪ" ಎಂದಾಗ ಇಸ್ತ್ರಿಯವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಮಲಗಿಸಿದ್ದರೆ ಒಂದು ಪ್ಯಾಂಟು ಸುಡುತ್ತಿತ್ತು.

"ಯಾವ ಫ್ಯಾನು?"

"ಇರೋದೇ ಒಂದು. ಅದನ್ನೇ."

"ಮಾಸ್ಟ್ರೆ, ಹುಷಾರಾಗಿದೀರ ತಾನೆ?"

"ಸೆಕೆ ಕಣಯ್ಯ."

"ಹದಿನಾರು ವರ್ಷ ಸೆಕೆ ಇರ್ಲಿಲ್ವಾ?"

"ಇತ್ತು. ನಿನಗಿತ್ತು. ಇವತ್ತು ನನಗೂ ಬಂದಿದೆ."

ಇಸ್ತ್ರಿಯವನು ಗುಂಡಿ ಒತ್ತಿದ. ತೀರ್ಪು ಬದಲಾಗುವ ಮೊದಲು ಹೋಗಿ ಫ್ಯಾನಿನ ಕೆಳಗೆ ಎರಡು ನಿಮಿಷ ನಿಂತ.

ಸೆಕೆ ಮಾಸ್ಟರ ಸಮಸ್ಯೆಯಾಗಿರಲಿಲ್ಲ. ನಾಲ್ಕು ತಿಂಗಳಿಂದ ಅವರ ಬಲಗೈ ನಡುಗುತ್ತಿತ್ತು. ಕಟಿಂಗ್ ಮೆಷಿನ್ನಿನ ಹಿಡಿಯನ್ನು ಬಿಗಿಯಾಗಿ ಹಿಡಿದಾಗ ನಡುಕವಿಲ್ಲ. ಬ್ಲೇಡು ಗೆರೆಯ ಮೇಲೆ ಹೇಳಿದಂತೆ ಕೇಳಿಕೊಂಡು ಹೋಗುತ್ತಿತ್ತು. ಆದರೆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವಾಗ ಅಂಚು ಪಟಪಟ ಎನ್ನುತ್ತಿತ್ತು. ಗಾಳಿಯಿಲ್ಲದ ಕೋಣೆಯಲ್ಲಿ ಬಟ್ಟೆ ತಾನಾಗಿ ಅಲುಗಾಡಿದರೆ ಕಣ್ಣಿದ್ದವರು ಕೈಯನ್ನು ನೋಡುತ್ತಾರೆ. ಫ್ಯಾನಿದ್ದರೆ ಫ್ಯಾನನ್ನು ನೋಡುತ್ತಾರೆ. ಮಾಸ್ಟರು ಇಷ್ಟನ್ನು ವಾರವಿಡೀ ಯೋಚಿಸಿದ್ದರು. ಎದುರು ತುದಿ ಹಿಡಿಯಲು ಬರುತ್ತಿದ್ದ ಸಹಾಯಕನನ್ನೂ ಯಾವುದೋ ನೆಪ ಹೇಳಿ ಎರಡು ತಿಂಗಳ ಹಿಂದೆಯೇ ಬೇರೆ ಮೇಜಿಗೆ ಸಾಗಹಾಕಿದ್ದರು.

ಅರವತ್ತನಾಲ್ಕು ವರ್ಷದ ಮನುಷ್ಯ, ಕೈ ನಡುಗಿದರೆ ಮನೆಗೆ ಹೋಗಬಹುದಿತ್ತು. ಹೋಗಲು ಅವರಿಗೆ ಇಷ್ಟವೂ ಇತ್ತು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಎಲ್ಲರೂ ಕೆಲಸಕ್ಕೆ ಓಡುವುದನ್ನು ನೋಡುತ್ತ, ಯಾರ ಕೋಟಿನ ಹೆಗಲು ಸರಿಯಾಗಿ ಕೂತಿಲ್ಲ ಎಂದು ಮನಸ್ಸಿನಲ್ಲೇ ಬೈಯುವ ಒಂದು ಮುಂಜಾವಿನ ಕನಸು ಅವರಿಗಿತ್ತು. ಆದರೆ ಕಾರ್ಖಾನೆಯಲ್ಲಿ ಅವರಿಗೆ ಬೇರೆ ಕೀರ್ತಿ. ಅರವತ್ತಕ್ಕೆ ನಿವೃತ್ತಿ, ಆಮೇಲೆ ವರ್ಷಕ್ಕೊಂದು ಮುಂದುವರಿಕೆ ಪತ್ರ. ನಾಲ್ಕು ಸಲವೂ ಮಾಸ್ಟರು ಪತ್ರವನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. "ಕೆಲಸ ಅಂದ್ರೆ ಪ್ರಾಣ ಅವರಿಗೆ" ಎಂದು ಎಲ್ಲರೂ ಹೇಳುತ್ತಿದ್ದರು. ಅರವತ್ತು ದಾಟಿಯೂ ಬರುತ್ತಿದ್ದ ಇನ್ನೂ ಆರು ಜನರ ಬಗ್ಗೆಯೂ ಹಾಗೇ ಹೇಳುತ್ತಿದ್ದರು. ಈ ಏಳು ಜನರ ನಿಷ್ಠೆಯನ್ನು ಯಾರಾದರೂ ಹತ್ತಿರದಿಂದ ನೋಡಿದ್ದರೆ ಪ್ರತಿ ನಿಷ್ಠೆಯ ಹಿಂದೆ, ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಒಂದು ಔಷಧಿಯ ಡಬ್ಬಿ ಕಾಣುತ್ತಿತ್ತು.

ಮಾಸ್ಟರ ಫ್ರಿಜ್ಜಿನಲ್ಲಿದ್ದದ್ದು ಹೆಂಡತಿಯ ಇಂಜೆಕ್ಷನ್. ಆಕೆ ಇದೇ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವರು. ಹೊಲಿದು ಬಂದ ಉಡುಪಿನಲ್ಲಿ ಬಿಟ್ಟುಹೋದ ಹೊಲಿಗೆ, ಉಳಿದ ದಾರ, ಬಣ್ಣದ ವ್ಯತ್ಯಾಸ ಹಿಡಿಯುವ ಕೆಲಸ. ಹೊಲಿಗೆಯವರು ಹೆದರಿ ಇಟ್ಟ ಹೆಸರು ಭೂತಗನ್ನಡಿ. ಹನ್ನೊಂದು ವರ್ಷದ ಹಿಂದೆ ಬೆರಳ ಗಂಟುಗಳು ಊದಿಕೊಂಡು, ಗುಂಡಿ ಹಾಕುವುದೂ ಕಷ್ಟವಾಗಿ, ಕೆಲಸ ಬಿಟ್ಟರು. ಆಮೇಲೆ ತಿಂಗಳಿಗೊಂದು ಇಂಜೆಕ್ಷನ್ ಬಂತು. ಬೆರಳು ಮತ್ತೆ ಬೆರಳಾಯಿತು. ಆ ಇಂಜೆಕ್ಷನ್ನಿಗೆ ಹಣ ಕೊಡುವುದು ಕಾರ್ಖಾನೆಯ ಆರೋಗ್ಯ ವಿಮೆಯ ಕಾರ್ಡು. ಕೆಲಸಗಾರನ ಜೊತೆ ಹೆಂಡತಿಗೂ ಅದರಲ್ಲಿ ಜಾಗವಿದೆ; ಕೆಲಸ ಬಿಟ್ಟ ದಿನ ಇಬ್ಬರಿಗೂ ಇಲ್ಲ. ಸರ್ಕಾರದ ಕಾರ್ಡು ಅರವತ್ತೈದಕ್ಕೆ. ಮಾಸ್ಟರಿಗೆ ಅದು ಮುಂದಿನ ವರ್ಷ ಸಿಗುತ್ತದೆ. ಹೆಂಡತಿಗೆ ಐವತ್ತೆಂಟು. ಹೊರಗಡೆ ವಿಮೆ ಕೊಳ್ಳೋಣವೆಂದು ಒಬ್ಬ ಏಜೆಂಟನನ್ನು ಮನೆಗೆ ಕರೆದಿದ್ದರು. ಅವನು ಚಹಾ ಕುಡಿದು, ಆಕೆಯ ಫೈಲು ತಿರುವಿ, "ಇರೋ ಕಾಯಿಲೆ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಇವತ್ತಿಂದಲೇ ಕೊಡ್ತೀವಿ. ಇದಕ್ಕೆ ನಾಲ್ಕು ವರ್ಷ ಕಾಯ್ಬೇಕು" ಎಂದು ಉದಾರವಾಗಿ ನಕ್ಕು ಹೋಗಿದ್ದ. ಮಾಸ್ಟರು ಬೆರಳು ಮಡಚಿ ನೋಡಿದರು. ಹೆಂಡತಿಗೆ ಅರವತ್ತೈದಾಗುವ ಹೊತ್ತಿಗೆ ತಮಗೆ ಎಪ್ಪತ್ತೊಂದು. ಸರಿ, ಎಪ್ಪತ್ತೊಂದರವರೆಗೆ ಕೆಲಸವೆಂದರೆ ಪ್ರಾಣ.

ಆ ಮಂಗಳವಾರದ ಕೆಲಸ ಒಂದು ಹೋಟೆಲಿನ ಬಾಗಿಲು ಕಾಯುವವರ ಅರವತ್ತು ಕೋಟು. ಕೆಂಪುಗಂದು ಬಟ್ಟೆ, ಒಂದು ಮೈ ಹೊಳಪು, ಇನ್ನೊಂದು ಮಂಕು. ಇಂಥ ಬಟ್ಟೆಯನ್ನು ಮಾಸ್ಟರು ಯಾವಾಗಲೂ ಹಾಸುವುದು ಹೋಗಿಬರುವ ರೀತಿಯಲ್ಲಿ: ಮೇಜಿನ ಈ ತುದಿಯಿಂದ ಆ ತುದಿಗೆ ಎಳೆದು, ಅಲ್ಲೇ ಮಡಚಿ, ಮತ್ತೆ ಈ ತುದಿಗೆ. ಒಂದು ಪದರದ ಹೊಳಪು ಮೇಲಕ್ಕೆ, ಮುಂದಿನದರ ಹೊಳಪು ಕೆಳಕ್ಕೆ. ಮೇಲೆ ಎದೆಯ ಎಡಭಾಗದ ನಮೂನೆ ಮಾತ್ರ ಇಟ್ಟು ಕತ್ತರಿಸಿದರೂ ಅರ್ಧ ತುಂಡು ಎಡಕ್ಕೆ, ಅರ್ಧ ಬಲಕ್ಕೆ ತಾವೇ ಜೋಡಿಯಾಗುತ್ತವೆ. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

ಆದರೆ ಮೂವತ್ತೊಂದು ವರ್ಷ ಫ್ಯಾನಿರಲಿಲ್ಲ. ಗಾಳಿಯ ಜೊತೆ ಎಳೆದಾಗ ಬಟ್ಟೆ ಸಲೀಸಾಗಿ ಬಂತು. ಎದುರುಗಾಳಿಗೆ ವಾಪಸು ತರುವಾಗ ಹಾಯಿಯಂತೆ ಉಬ್ಬಿ ಮುಖಕ್ಕೆ ಬಡಿಯಿತು. ಎರಡು ಸಲ ಹೀಗಾದ ಮೇಲೆ ಮಾಸ್ಟರು ಆ ಎರಡೂ ಪದರ ತೆಗೆದುಹಾಕಿ ಉಪಾಯ ಕಂಡುಕೊಂಡರು. ಗಾಳಿಯ ದಿಕ್ಕಿಗೆ ಎಳೆಯುವುದು, ಆ ತುದಿಯಲ್ಲಿ ಕತ್ತರಿಸುವುದು, ಬರಿಗೈಲಿ ಬಂದು ಮತ್ತೆ ಈ ತುದಿಯಿಂದ ಎಳೆಯುವುದು. ಅರವತ್ತು ಪದರ, ಎಲ್ಲದರ ಹೊಳಪೂ ಮೇಲಕ್ಕೆ. ಆಮೇಲೆ ಅಭ್ಯಾಸಬಲದಿಂದ ಎಡಭಾಗದ ನಮೂನೆಯನ್ನು ಎರಡು ಕಡೆ ಇಟ್ಟು, ಸೀಮೆಸುಣ್ಣದ ಗೆರೆ ಎಳೆದು, ಕತ್ತರಿಸಿದರು. ಯಾರೂ ಅವರ ಕೈ ನೋಡಲಿಲ್ಲ. ಮಾಸ್ಟರು ಖುಷಿಯಾಗಿ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಹೊಲಿಗೆ ಸಾಲಿನ ಹೆಂಗಸು ಒಂದು ಕಟ್ಟು ಹಿಡಿದುಕೊಂಡು ಬಂದಳು.

"ಮಾಸ್ಟ್ರೆ, ಬಲಗಡೆ ಎಲ್ಲಿ?"

"ಕೆಳಗಿನ ಕಟ್ಟಲ್ಲಿ ನೋಡಮ್ಮ."

"ಕೆಳಗೂ ಎಡವೇ."

"ಅದರ ಕೆಳಗೆ?"

"ಅದೂ ಎಡವೇ. ಮೇಜಿನ ಕೆಳಗೂ ನೋಡಿದೆ."

ಎಣಿಸಿದರು. ನೂರಾ ಇಪ್ಪತ್ತು ಎಡಭಾಗ. ಒಂದೊಂದೂ ಗೆರೆ ಕೊರೆದಂತೆ ನಿಖರ. ತಪ್ಪನ್ನು ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ್ದನ್ನು ಆ ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ.

"ಎರಡೂ ಕಡೆ ಹೃದಯ ಇರೋ ಕಾವಲುಗಾರರನ್ನ ಹುಡುಕಿದ್ರಾಯ್ತು" ಎಂದ ಇಸ್ತ್ರಿಯವನು. ಯಾರೂ ನಗಲಿಲ್ಲ. ಮಾಸ್ಟರ ಮುಖ ನೋಡಿ ಅವನೂ ನಗು ನಿಲ್ಲಿಸಿದ.

ಮೇಲ್ವಿಚಾರಕರು ಬಂದರು. ಅವರನ್ನು ಕಾರ್ಖಾನೆ 'ಆಮೇಲೆ ಸಾಹೇಬ್ರು' ಎಂದು ಕರೆಯುತ್ತಿತ್ತು. ಸಂಬಳದ ಏರಿಕೆಯಿಂದ ಹಿಡಿದು ಸೋರುವ ನಲ್ಲಿಯವರೆಗೆ ಅವರ ಉತ್ತರ "ಆಮೇಲೆ ನೋಡೋಣ". ಇದನ್ನು ಮಾತ್ರ ಆಗಲೇ ನೋಡಬೇಕಾಯಿತು, ಏಕೆಂದರೆ ಕೋಟುಗಳು ಸೋಮವಾರ ಹೊರಡಬೇಕಿತ್ತು.

"ಏನ್ ಮಾಸ್ಟ್ರೆ ಇದು?"

"ಒಂದೇ ಕಡೆಯಿಂದ ಹಾಸಿಬಿಟ್ಟೆ."

"ನೀವಾ?"

"ಫ್ಯಾನ್ ಹಾಕಿದ್ದು ನಾನು ಸಾರ್" ಎಂದು ಇಸ್ತ್ರಿಯವನು ಮಧ್ಯೆ ಬಂದ. "ನನ್ನದೇ ಚಪಲ."

"ಹಾಕಿಸಿದ್ದು ನಾನು" ಎಂದರು ಮಾಸ್ಟರು. "ಅವನ ಮೇಲೆ ಹಾಕ್ಬೇಡಿ."

"ಸರಿ, ಆಗಿದ್ದಾಯ್ತು. ಬಲಭಾಗ ಕತ್ತರಿಸೋಕೆ ಶುರು ಮಾಡಿ. ಉಳಿದಿರೋ ತುಂಡು ಎಷ್ಟು ಅಗಲ ಇದೆ, ಎಳೀರಿ ನೋಡೋಣ."

ಇಸ್ತ್ರಿಯವನಿಗೆ ಪಶ್ಚಾತ್ತಾಪವಾಗಿತ್ತು. ಮಾಸ್ಟರ ಕಾನೂನನ್ನು ಇನ್ನು ಮುಂದಾದರೂ ಗೌರವಿಸಬೇಕೆಂದು ಅವನು ಹೋಗಿ ಫ್ಯಾನು ಆರಿಸಿದ. ಮಾಸ್ಟರು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. ಕೋಣೆಯಲ್ಲಿ ಗಾಳಿ ನಿಂತಿತು, ಬಟ್ಟೆ ನಿಲ್ಲಲಿಲ್ಲ.

ಮೇಲ್ವಿಚಾರಕರು ಬಟ್ಟೆ ನೋಡಿದರು, ಕೈ ನೋಡಿದರು, ಗೋಡೆಗೆ ಒರಗಿಸಿಟ್ಟ ಕಟಿಂಗ್ ಮೆಷಿನ್ನಿನ ಬ್ಲೇಡು ನೋಡಿದರು. ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿ ಹೇಳಿದರು.

"ಇನ್ನು ಬ್ಲೇಡ್ ಮುಟ್ಟಬೇಡಿ ಮಾಸ್ಟ್ರೆ. ತಿಂಗಳ ಕೊನೆವರೆಗೆ ಬನ್ನಿ, ಕೂತ್ಕೊಂಡು ಹೇಳ್ಕೊಡಿ."

"ಮುಂದಿನ ವರ್ಷದ ಪತ್ರ?"

ಮಾಸ್ಟರು 'ಆಮೇಲೆ' ಎಂಬ ಉತ್ತರಕ್ಕಾಗಿ ಕಾದರು. ಅಷ್ಟು ಆಸೆಯಿಂದ ಅದಕ್ಕಾಗಿ ಯಾರೂ ಎಂದೂ ಕಾದಿರಲಿಲ್ಲ.

"ಅದು ಬರಲ್ಲ" ಎಂದರು ಮೇಲ್ವಿಚಾರಕರು.

ಸಂಜೆ ಮನೆಯಲ್ಲಿ ಹೆಂಡತಿ ಬಾಗಿಲು ತೆರೆದು ಒಂದೇ ಸಲ ಮೇಲಿಂದ ಕೆಳಗೆ ನೋಡಿದರು. ಚೆಕಿಂಗ್ ಮೇಜಿನ ನೋಟ.

"ಏನಾಯ್ತು?"

"ಏನಿಲ್ಲ."

"ಎಷ್ಟು ತುಂಡು ಹಾಳು?"

ಮಾಸ್ಟರು ಕುರ್ಚಿಯಲ್ಲಿ ಕುಸಿದರು. "ಯಾರು ಹೇಳಿದ್ರು?"

"ಇಸ್ತ್ರಿಯವನ ಹೆಂಡತಿ ಫೋನ್ ಮಾಡಿದ್ಲು. ಕೈಯ ವಿಷಯ ಮಾತ್ರ ಯಾರೂ ಹೇಳ್ಬೇಕಾಗಿರ್ಲಿಲ್ಲ. ಲೋಟಕ್ಕೆ ಅರ್ಧವೇ ಚಹಾ ಹಾಕು ಅಂತ ಶುರು ಮಾಡಿದಿರಲ್ಲ, ಆವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೇ ಹೇಳ್ತೀರ ಅಂತ ಕಾದೆ. ಮೂವತ್ತೈದು ವರ್ಷದಲ್ಲಿ ನೀವು ಕೇಳದೇ ಹೇಳಿರೋದು ಒಂದೇ, ಹಸಿವು."

"ಹೇಳಿದ್ರೆ ನೀನು ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಿದ್ದೆ. ಕಾರ್ಡಲ್ಲಿ ತೋರಿಸಿದ್ರೆ ಆಫೀಸಿಗೆ ಕಾಗದ ಹೋಗುತ್ತೇನೋ ಅಂತ. ಕೈ ನಡುಗುತ್ತೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ಕಾರ್ಡ್ ಹೋಗುತ್ತೆ."

"ಅಂದ್ರೆ ಕಾರ್ಡ್ ಉಳಿಸ್ಕೊಳ್ಳೋಕೆ ಕಾರ್ಡ್ ಬಳಸಲಿಲ್ಲ. ಭಲೇ. ಛತ್ರಿ ನೆನೆಯುತ್ತೆ ಅಂತ ಕಂಕುಳಲ್ಲಿ ಇಟ್ಕೊಂಡು ಮಳೇಲಿ ಬಂದ ಹಾಗೆ."

ಮಾಸ್ಟರು ಫ್ರಿಜ್ಜಿನ ಕಡೆ ತಿರುಗಿ, "ಈ ತಿಂಗಳ ಇಂಜೆಕ್ಷನ್ ಆಯ್ತು. ಮುಂದಿನ ತಿಂಗಳು ಎಂಟನೇ ತಾರೀಖಿಗೆ ಏನ್ಮಾಡೋದು?" ಎಂದರು. ಅವರಿಗೆ ಇದ್ದದ್ದು ಇದೊಂದೇ ಪ್ರಶ್ನೆ. ಔಷಧಿ ಸಿಗದೆ ಹೋದ ಮೂರು ತಿಂಗಳು ಹಿಂದೊಮ್ಮೆ ಬಂದಿತ್ತು. ಆಗ ಆಕೆಯ ತಲೆ ಬಾಚುತ್ತಿದ್ದದ್ದು ಮಾಸ್ಟರು.

"ನಿಮ್ಮ ಕಾರ್ಖಾನೇಲಿ ಕಾರ್ಡು ಗಂಡಸರ ಹೆಸರಲ್ಲೇ ಇರ್ಬೇಕು ಅಂತ ಇದ್ಯಾ?"

"ಅಂದ್ರೆ?"

"ನಾನು ಸೇರ್ಕೊಂಡ್ರೆ ನನ್ನ ಹೆಸರಲ್ಲಿ ಬರುತ್ತೆ. ಪಕ್ಕದಲ್ಲಿ ನಿಮ್ಮ ಹೆಸರು."

"ಈ ವಯಸ್ಸಲ್ಲಿ? ಆ ಬೆರಳಲ್ಲಿ?"

ಆಕೆ ಎದ್ದು ಸೂಜಿಡಬ್ಬಿ ತಂದರು. ಎಲ್ಲಕ್ಕಿಂತ ಸಣ್ಣ ಸೂಜಿ ಆರಿಸಿ, ದೀಪದ ಕಡೆಗೂ ತಿರುಗದೆ, ಒಂದೇ ಸಲಕ್ಕೆ ದಾರ ಪೋಣಿಸಿದರು. ಆಮೇಲೆ ಇನ್ನೊಂದು ಸೂಜಿಯನ್ನು ಗಂಡನ ಮುಂದೆ ಇಟ್ಟರು.

"ನೀವು ಪೋಣಿಸಿ. ಪೋಣಿಸಿದ್ರೆ ನಾನು ಬಾಯಿ ಮುಚ್ಕೊಂಡು ಮನೇಲಿರ್ತೀನಿ."

ಮಾಸ್ಟರು ಸೂಜಿಯನ್ನು ಮುಟ್ಟಲಿಲ್ಲ.

"ನಿನ್ನ ಕಾರ್ಡಲ್ಲಿ ನಾನು ಕೂತು ತಿನ್ಬೇಕಾ?"

"ನಾನು ಹನ್ನೊಂದು ವರ್ಷ ತಿಂದೆ. ಅಜೀರ್ಣ ಆಗ್ಲಿಲ್ಲ."

ಗುರುವಾರ ಬೆಳಿಗ್ಗೆ ಆಕೆ ಕಾರ್ಖಾನೆಯ ಆಫೀಸಿನ ಗಾಜಿನ ಕಿಂಡಿಯ ಮುಂದೆ ನಿಂತಿದ್ದರು. ಕಿಂಡಿಯ ಒಳಗಿದ್ದದ್ದು ಎಲ್ಲರೂ ಕಾರ್ಡಮ್ಮ ಎಂದು ಕರೆಯುತ್ತಿದ್ದ ಗುಮಾಸ್ತೆ. ಹತ್ತು ವರ್ಷದಿಂದ ವಿಮೆಯ ಕಾಗದ ನೋಡುತ್ತಿದ್ದ ಆಕೆಗೆ ನಿಯಮಗಳೆಂದರೆ ಬಂಧುಗಳಿದ್ದಂತೆ. ಯಾವುದು ಯಾರಿಗೆ ಹೇಗೆ ಸಂಬಂಧ ಎಂದು ನಿದ್ದೆಯಲ್ಲೂ ಹೇಳುತ್ತಿದ್ದಳು. ಕೇಳುವವರು ಮಾತ್ರ ಇರಲಿಲ್ಲ. ಎಲ್ಲರೂ ಬಂದು ಸಹಿ ಹಾಕಿ ಹೋಗುತ್ತಿದ್ದರು.

"ವಾರಕ್ಕೆ ಇಪ್ಪತ್ನಾಲ್ಕು ಗಂಟೆ ಕೆಲಸ ಇದ್ರೆ ಸಾಕಮ್ಮ, ಕಾರ್ಡ್ ಕೊಡ್ಲೇಬೇಕು" ಎಂದಳು. "ಗಂಡನ್ನೂ ಸೇರಿಸಬಹುದು. ಗುಂಪಿನ ಕಾರ್ಡಿಗೆ ಏನು ಕಾಯಿಲೆ ಅಂತ ಕೇಳೋ ಹಾಗೇ ಇಲ್ಲ. ಡಾಕ್ಟ್ರ ಕಾಗದ ವಿಮೆಯವರಿಗೆ ಹೋಗುತ್ತೆ, ಇಲ್ಲಿಗೆ ಬರಲ್ಲ."

"ಬರಲ್ವಾ?"

"ಯಾವತ್ತೂ ಬಂದಿಲ್ಲ. ಆದ್ರೆ ಒಂದು. ಅವರ ಕಾರ್ಡ್ ಮುಗಿಯೋಕೆ ಮೊದಲು ನೀವು ಸೇರ್ಬೇಕು. ಮೂವತ್ತೊಂದನೇ ತಾರೀಖು ದಾಟಿದ್ರೆ ಹೊಸಬರ ಸಾಲಿಗೆ ಹೋಗ್ತೀರ. ಹಳೇ ಕಾಯಿಲೆ ಒಂದು ವರ್ಷ ಹೊರಗೆ."

"ಇನ್ನೂ ಹದಿನೇಳು ದಿನ ಇದೆ."

"ಕೆಲಸ ಕೊಡೋರು ಆಮೇಲೆ ಸಾಹೇಬ್ರು. ಹದಿನೇಳು ದಿನ ಸಾಕಾಗುತ್ತೋ ನೋಡಿ" ಎಂದಳು ಕಾರ್ಡಮ್ಮ.

ಆಮೇಲೆ ಸಾಹೇಬರು ಆ ಹೊತ್ತಿಗೆ ಉಗ್ರಾಣದಲ್ಲಿದ್ದರು. ಮಂಗಳವಾರದ ಉರುಳೆಯಲ್ಲಿ ಉಳಿದ ಬಟ್ಟೆ ಅರವತ್ತು ಬಲಭಾಗಕ್ಕೆ ಸಾಲುತ್ತಿರಲಿಲ್ಲ. ಅದೇ ಕೆಂಪುಗಂದು ಬಣ್ಣದ ಇನ್ನೂ ಐದು ಉರುಳೆ ಸಿಕ್ಕಿದ್ದವು. ಟ್ಯೂಬ್‌ಲೈಟಿನ ಕೆಳಗೆ ಐದೂ ಒಂದೇ ತಾಯಿಯ ಮಕ್ಕಳಂತೆ ಕಂಡವು.

"ಕೆಲಸದ ವಿಷಯ ಆಮೇಲೆ ನೋಡೋಣಮ್ಮ" ಎಂದರು. "ಈಗ ತಲೆ ಮೇಲೆ ಕೆಲಸ ಬಿದ್ದಿದೆ. ಇದನ್ನ ಕಟಿಂಗಿಗೆ ಕಳಿಸಬೇಕು."

"ಇದನ್ನಾ? ಕಳಿಸಿ. ಬಿಸಿಲಿಗೆ ನಿಂತ್ರೆ ಎಡಗಡೆ ಒಂದು ಹೋಟ್ಲು, ಬಲಗಡೆ ಇನ್ನೊಂದು ಹೋಟ್ಲು."

"ಒಂದೇ ಬಣ್ಣ ಅಲ್ವಾ?"

ಆಕೆ ಒಂದು ಎಡಭಾಗವನ್ನು ತರಿಸಿ ಕಿಟಕಿಯ ಬೆಳಕಿಗೆ ಹರಡಿದರು. ಐದು ಉರುಳೆಗಳ ಅಂಚಿನಿಂದ ಒಂದೊಂದು ಎಳೆ ಬಿಡಿಸಿದರು. ಕೂದಲಿಗಿಂತ ತೆಳುವಾದ ಎಳೆ, ಉಗುರಿನ ತುದಿಯಲ್ಲಿ ಹಿಡಿದು, ತುಂಡಾಗದಂತೆ. ಮೊದಲನೆಯದನ್ನು ತುಂಡಿನ ಮೇಲೆ ಇಟ್ಟರು.

"ಕಾಣುತ್ತಾ?"

"ಕಾಣುತ್ತೆ. ಸ್ವಲ್ಪ ಕಪ್ಪು."

ಎರಡನೆಯದೂ ಕಂಡಿತು, ಮೂರನೆಯದೂ. ನಾಲ್ಕನೆಯದನ್ನು ಇಟ್ಟರು.

"ಇದು?"

ಮೇಲ್ವಿಚಾರಕರು ಬಗ್ಗಿದರು. ಕನ್ನಡಕ ತೆಗೆದರು, ಹಾಕಿಕೊಂಡರು. "ಎಲ್ಲಿಟ್ರಿ?"

"ನಿಮ್ಮ ಮೂಗಿನ ಕೆಳಗೇ ಇದೆ."

"ಕಾಣ್ತಾ ಇಲ್ಲ."

"ಹಾಗಾದ್ರೆ ಅದೇ ಉರುಳೆ. ಅದನ್ನ ಕತ್ತರಿಸಿ."

ಸಾಹೇಬರು ಬಾಗಿದಲ್ಲಿಂದಲೇ ಮೂಲೆಯ ಕಡೆ ಕಣ್ಣು ಹಾಯಿಸಿದರು. ಹೋದ ತಿಂಗಳು ಬಣ್ಣ ಹೊಂದದೆ ವಾಪಸು ಬಂದ ನಲವತ್ತು ಪ್ಯಾಂಟುಗಳು ಅದೇ ಉಗ್ರಾಣದ ಮೂಲೆಯಲ್ಲಿ ಕೂತು ಅವರನ್ನೇ ನೋಡುತ್ತಿದ್ದವು.

"ಅರ್ಧ ದಿನ ಬರ್ತೀರಾ?" ಎಂದರು.

"ವಾರಕ್ಕೆ ಇಪ್ಪತ್ತೈದು ಗಂಟೆ. ಕಾಗದ ಈ ತಿಂಗಳೊಳಗೆ ಆಗ್ಬೇಕು."

"ಆಮೇಲೆ ಟೈಪ್ ಮಾಡಿಸಿ…"

"ನಾನು ಇಲ್ಲೇ ಕೂತಿರ್ತೀನಿ" ಎಂದು ಆಕೆ ನಾಲ್ಕನೇ ಉರುಳೆಯ ಮೇಲೆ ಕೂತರು. ಬಟ್ಟೆ ಬೇಕಿದ್ದರೆ ಆಕೆಯನ್ನು ಎಬ್ಬಿಸಬೇಕು, ಎಬ್ಬಿಸಬೇಕಿದ್ದರೆ ಕಾಗದ ಬೇಕು. ಆ ಕಾರ್ಖಾನೆಯ ಇತಿಹಾಸದಲ್ಲಿ ಒಂದು ನೇಮಕದ ಪತ್ರ ನಲವತ್ತು ನಿಮಿಷದಲ್ಲಿ ತಯಾರಾದದ್ದು ಅದೇ ಮೊದಲು. ಕೆಲಸಕ್ಕೆ ಸೇರುವ ದಿನ ಇಪ್ಪತ್ತೈದು, ಸೋಮವಾರ.

ಬಲಭಾಗಗಳನ್ನು ಎರಡನೇ ಕಟಿಂಗ್‌ನವನು ಕತ್ತರಿಸಿದ. ಮಾಸ್ಟರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತು ನಮೂನೆ ತಿರುಗಿಸಿ ಇಡಿಸಿದರು, ಹೊಳಪು ಮೇಲೆ ಇದೆಯೇ ಎಂದು ಮೂರು ಸಲ ನೋಡಿದರು. ಉಳಿದ ಅರವತ್ತು ಎಡಭಾಗಗಳನ್ನು ಏನು ಮಾಡುವುದೆಂಬುದನ್ನು ಸಾಹೇಬರು ಆಮೇಲೆ ನೋಡಲು ಇಟ್ಟುಕೊಂಡರು. ಕೋಟುಗಳು ಹೊತ್ತಿಗೆ ಸರಿಯಾಗಿ ಹೊರಟವು.

ಮೂವತ್ತನೇ ತಾರೀಖು ಶನಿವಾರ ಬೀಳ್ಕೊಡುಗೆ. ಹೊಲಿಗೆ ಸಾಲುಗಳನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಮೇಲ್ವಿಚಾರಕರು ನಿಷ್ಠೆಯ ಬಗ್ಗೆ ಮಾತಾಡಿದರು. ಅರವತ್ತರ ಮೇಲೂ ದುಡಿಯುವ ಈ ತಲೆಮಾರಿನ ಕಾಯಕಪ್ರೀತಿ ಮುಂದಿನವರಿಗೆ ಬರಲಿ ಎಂದು ಹಾರೈಸಿದರು. ಇಸ್ತ್ರಿಯವನು ಜೋರಾಗಿ ಚಪ್ಪಾಳೆ ತಟ್ಟಿದ. ಮಾಸ್ಟರನ್ನು ಎರಡು ಮಾತು ಆಡಲು ಕರೆದರು.

"ಸಾಹೇಬ್ರು ದೊಡ್ಡ ಮನಸ್ಸಿಂದ ಹೇಳಿದ್ರು" ಎಂದರು ಮಾಸ್ಟರು. "ಆದ್ರೆ ನಾಲ್ಕು ವರ್ಷದಿಂದ ನಾನು ಬರ್ತಿದ್ದದ್ದು ಕೆಲಸಕ್ಕಲ್ಲ, ಇಂಜೆಕ್ಷನ್ನಿಗೆ. ಇದ್ದದ್ದು ಹೇಳಿದೆ. ಕಿಂಡಿ ಹತ್ರ ಹೋಗಿ ಕೇಳಿದ್ದಿದ್ರೆ ದಾರಿ ಮೊದಲೇ ಕಾಣ್ತಿತ್ತು. ನನಗೆ ಕೇಳೋಕೆ ಹೆದರಿಕೆ, ಇವಳಿಗೆ ಇಲ್ಲ."

ಚೆಕಿಂಗ್ ಮೇಜಿನಿಂದ ಹೆಂಡತಿ ತಲೆಯೆತ್ತಲಿಲ್ಲ. ಯಾರದೋ ತೋಳಿನಲ್ಲಿ ಬಿಟ್ಟುಹೋದ ಹೊಲಿಗೆಯೊಂದು ಸಿಕ್ಕಿತ್ತು. ಉಳಿದ ಆರು ಜನ ನಿಷ್ಠಾವಂತರು ನೆಲ ನೋಡಿದರು. ಸೋಮವಾರ ಅವರಲ್ಲಿ ನಾಲ್ವರು ಕಾರ್ಡಮ್ಮನ ಕಿಂಡಿಯ ಮುಂದೆ ಸಾಲಾಗಿ ನಿಂತಿದ್ದರು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಆಕೆ ಊಟದ ಹೊತ್ತನ್ನು ಮರೆತಳು.

ಎಂಟನೇ ತಾರೀಖು ಮಾಸ್ಟರ ಹೆಂಡತಿಗೆ ತಮ್ಮದೇ ಹೆಸರಿನ ಕಾರ್ಡಿನಲ್ಲಿ ಇಂಜೆಕ್ಷನ್ ಆಯಿತು. ಹತ್ತನೇ ತಾರೀಖು ಮಾಸ್ಟರು ಅದೇ ಕಾರ್ಡಿನಲ್ಲಿ ನರಗಳ ಡಾಕ್ಟರಿಗೆ ಕೈ ತೋರಿಸಿದರು. ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟರು. ಆಕೆ ಅರವತ್ತೈದರವರೆಗೆ ಕೆಲಸ ಮಾಡುತ್ತಾರೆ. ಮಾಸ್ಟರು ನಿವೃತ್ತರಾದರು.